ದಂಟಿನ ಕಾಂಡಕೊರಕ ಮೂತಿಹುಳು

ದಂಟಿನ ಕಾಂಡಕೊರಕ ಮೂತಿಹುಳು ದಂಟು, ಹರಿವೆ, ರಾಜಗಿರಿ ಮೊದಲಾದ ಹೆಸರುಗಳಿಂದ ಕರೆಯಲ್ಪಡುವ ಅಮರಾಂತಸ್ ಕುಲದ ಸಸ್ಯಗಳ ಕಾಂಡವನ್ನು ಒಳಗಿನಿಂದ ಕೊರೆದು ತಿನ್ನುವ ಒಂದು ದುಂಬಿ. ಇದರ ವೈಜ್ಞಾನಿಕ ಹೆಸರು ಹೈಪೊಲಿಕ್ಸಸ್ ಟ್ರಂಕಾಟುಲಸ್. ಪ್ರೌಢ ಕೀಟವು ಎಲೆಗಳನ್ನು ತಿನ್ನುತ್ತದೆಯಾದರೂ ಅದರಿಂದಾಗುವ ನಷ್ಟ ಅಲ್ಪ. ಕಾಂಡದೊಳಗೆ ಬೆಳೆಯುವ ಮರಿಹುಳುವೇ ಬೆಳೆಗೆ ನಿಜವಾದ ಶತ್ರು. ಅದು ತಿರುಳನ್ನು ತಿಂದು ಸುರಂಗ ಮಾಡುವುದರಿಂದ ಕಾಂಡವು ಉಬ್ಬಿ, ಸೀಳಿ, ಕೊನೆಗೆ ಗಾಳಿಗೆ ಮುರಿದು ಬೀಳುತ್ತದೆ.

ಕರ್ನಾಟಕದಲ್ಲಿ ಸೊಪ್ಪಿಗಾಗಿ, ದಂಟಿಗಾಗಿ ಮತ್ತು ಕಾಳಿಗಾಗಿ ಅಮರಾಂತಸ್ ಬೆಳೆಯುವ ಎಲ್ಲ ಕಡೆಗಳಲ್ಲಿಯೂ ಈ ಕೀಟವು ಗಮನಿಸಬೇಕಾದದ್ದು. ಬೆಂಗಳೂರು ನಗರಕ್ಕೆ ಪ್ರತಿದಿನ ತರಕಾರಿ ಒದಗಿಸುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂತಹ ಹೋಬಳಿಗಳಲ್ಲಿ ಇದರ ನಿರ್ವಹಣೆಗೆ ಇನ್ನೊಂದು ಮುಖವೂ ಇದೆ. ಕೊಯ್ದ ಮರುದಿನವೇ ಅಡುಗೆಮನೆ ಸೇರುವ ಸೊಪ್ಪಿನ ಮೇಲೆ ಯಾವ ಔಷಧಿಯನ್ನು, ಯಾವಾಗ, ಎಷ್ಟು ಸಿಂಪಡಿಸಬಹುದು ಎಂಬ ಪ್ರಶ್ನೆಯು ರೈತನಷ್ಟೇ ಉಣ್ಣುವವನಿಗೂ ಸಂಬಂಧಿಸಿದ್ದಾಗಿದೆ.

ಹೆಸರು ಮತ್ತು ವರ್ಗೀಕರಣ

ಮೂತಿಹುಳುಗಳು ಕೋಲಿಯಾಪ್ಟೆರಾ ಎಂಬ ಗಡಸುರೆಕ್ಕೆ ಕೀಟಗಳ ಗಣಕ್ಕೆ ಸೇರಿದವು. ಈ ಗಣದಲ್ಲಿ ಕುರ್ಕುಲಿಯೋನಿಡೇ ಎಂಬುದು ಮೂತಿಹುಳುಗಳ ಮುಖ್ಯ ಕುಟುಂಬ. ಪ್ರಪಂಚದಲ್ಲಿ ಈವರೆಗೆ ವಿವರಿಸಲಾಗಿರುವ ಇದರ ಪ್ರಭೇದಗಳ ಸಂಖ್ಯೆ 50,000ವನ್ನು ಮೀರುತ್ತದೆ. ತಲೆಯ ಮುಂಭಾಗವು ಸೊಂಡಿಲಿನಂತೆ ಮುಂಚಾಚಿ, ಅದರ ತುದಿಯಲ್ಲಿ ಬಾಯಿಯ ಅಂಗಗಳಿರುವುದು ಈ ಕುಟುಂಬದ ಗುರುತು. ಆದ್ದರಿಂದಲೇ ಕನ್ನಡದ ಕೃಷಿ ಸಾಹಿತ್ಯದಲ್ಲಿ ಇವನ್ನು ಮೂತಿಹುಳು ಎಂದೂ ಸೊಂಡಿಲು ಕೀಟ ಎಂದೂ ಕರೆಯುತ್ತಾರೆ. ತೆಂಗಿನ ಕೆಂಪು ಮೂತಿಹುಳು, ಬಾಳೆಯ ದಿಂಡು ಕೊರೆಯುವ ಮೂತಿಹುಳು, ಅಕ್ಕಿ ಜೋಳಗಳಲ್ಲಿ ಕಾಣುವ ಸೊಂಡಿಲು ಹುಳು ಇವೆಲ್ಲ ದಂಟಿನ ಮೂತಿಹುಳುವಿನ ಬಂಧುಗಳೇ.

ಈ ಪ್ರಭೇದವನ್ನು ಮೊದಲು ವಿವರಿಸಿದವನು ಡೆನ್ಮಾರ್ಕಿನ ಕೀಟವಿಜ್ಞಾನಿ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರೀಶಿಯಸ್ (1745–1808). ಕೆಲವು ಬರಹಗಳಲ್ಲಿ ಪ್ರಭೇದದ ಹೆಸರನ್ನು ಟ್ರಂಕ್ಯುಲೇಟಸ್ ಎಂದು ಬರೆದಿರುವುದುಂಟು. ಎರಡೂ ಸೂಚಿಸುವುದು ಒಂದೇ ಕೀಟವನ್ನು.

ಆಶ್ರಯ ಸಸ್ಯಗಳು

ಅಮರಾಂತಸ್ ಕುಲದ ಬೆಳೆಗಳನ್ನು ಬಳಕೆಯ ದೃಷ್ಟಿಯಿಂದ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಬೇರುಸಹಿತ ಕಿತ್ತು ಕಟ್ಟು ಕಟ್ಟಿ ಮಾರುವ ಎಳೆಯ ಸೊಪ್ಪು. ಬಿತ್ತಿದ 25ರಿಂದ 30 ದಿನಗಳಲ್ಲಿ ಇದು ಮಾರುಕಟ್ಟೆಗೆ ಸಿದ್ಧವಾಗುತ್ತದೆ. ಎರಡನೆಯದು, ಬುಡವನ್ನು ಉಳಿಸಿ ಮೇಲಿನ ಭಾಗವನ್ನು ಹಲವು ಸಲ ಕೊಯ್ಯುವ ಬಗೆ ಮತ್ತು ದಪ್ಪ ಕಾಂಡಕ್ಕಾಗಿಯೇ ಬೆಳೆಸುವ ದಂಟು. ಹುಳಿಗೂ ಬಸ್ಸಾರಿಗೂ ಬೇಕಾಗುವ ಕೋಲುದಂಟು ಈ ಬಗೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಅರ್ಕಾ ಸುಗುಣ ಹಾಗೂ ಕೆನ್ನೇರಳೆ ಎಲೆಯ ಅರ್ಕಾ ಅರುಣಿಮಾ ಹಲವು ಬಾರಿ ಕೊಯ್ಯಬಹುದಾದ ತಳಿಗಳು. ಮೂರನೆಯದು, ಕಾಳಿಗಾಗಿ ಬೆಳೆಯುವ ರಾಜಗಿರಿ ಅಥವಾ ಕಾಳುದಂಟು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಬಿಡುಗಡೆ ಮಾಡಿದ ಸುವರ್ಣ ಎಂಬ ತಳಿ ಇದಕ್ಕೆ ಉದಾಹರಣೆ. ಕಾಳುದಂಟು ಹೊಲದಲ್ಲಿ ಸುಮಾರು ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಬೆಳೆಯಲ್ಲದೆ ಕಳೆಯಾಗಿ ಬೆಳೆಯುವ ಮುಳ್ಳುದಂಟು ಮತ್ತು ಇತರ ಕಾಡುದಂಟುಗಳೂ ಈ ಕೀಟಕ್ಕೆ ಆಶ್ರಯ. ಬದು, ಕಾಲುವೆಯಂಚು, ತಿಪ್ಪೆಯ ಪಕ್ಕ, ಪಾಳುಬಿದ್ದ ಹಿತ್ತಿಲು ಇಂತಹ ಕಡೆಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಕಾಡುದಂಟು ಇದ್ದೇ ಇರುತ್ತದೆ. ಹೊಲದಲ್ಲಿ ಬೆಳೆ ಇಲ್ಲದ ತಿಂಗಳುಗಳಲ್ಲಿ ಕೀಟದ ಸಂತತಿ ಉಳಿದುಕೊಳ್ಳುವುದು ಇಂತಹ ಗಿಡಗಳಲ್ಲಿ.

ಹರಡುವಿಕೆ

ಭಾರತದ ಬಹುತೇಕ ರಾಜ್ಯಗಳಲ್ಲಿ, ನೆರೆಯ ಪಾಕಿಸ್ತಾನದಲ್ಲಿ ಮತ್ತು ಆಗ್ನೇಯ ಏಷ್ಯಾದ ದೇಶಗಳಲ್ಲಿ ಈ ಕೀಟವು ಕಂಡುಬರುತ್ತದೆ. ಕಾಳುದಂಟಿನ ತವರುಗಳಲ್ಲಿ ಒಂದಾದ ಮೆಕ್ಸಿಕೊ ದೇಶದಲ್ಲಿಯೂ ಇದು ಬೆಳೆಗೆ ಹಾನಿ ಮಾಡುತ್ತಿರುವುದು ವರದಿಯಾಗಿದೆ. ಆಫ್ರಿಕಾ ಖಂಡದಲ್ಲಿ ಇದೇ ಕುಲದ ಬೇರೆ ಪ್ರಭೇದಗಳು ದಂಟಿನ ಕಾಂಡವನ್ನು ಕೊರೆಯುತ್ತವೆ.

ಒಂದೇ ಜೀವಿಯು ಒಂದು ಕಡೆ ಪೀಡೆಯೂ ಮತ್ತೊಂದು ಕಡೆ ಮಿತ್ರನೂ ಆಗಬಹುದೆಂಬುದಕ್ಕೆ ಈ ಮೂತಿಹುಳು ಒಳ್ಳೆಯ ನಿದರ್ಶನ. ಥಾಯ್ಲೆಂಡ್ ದೇಶದಲ್ಲಿ ಮುಳ್ಳುದಂಟು ಕಳೆಯಾಗಿ ತೊಂದರೆ ಕೊಡುವುದರಿಂದ, ಅದರ ಜೈವಿಕ ಹತೋಟಿಗೆ ಇದೇ ಕೀಟವನ್ನು ಬಳಸುವ ಪ್ರಯತ್ನ ನಡೆದಿದೆ.

ದೇಹ ಲಕ್ಷಣಗಳು

ಮೊಟ್ಟೆ: ಅಂಡಾಕಾರ, ನುಣುಪು, ತಿಳಿಹಳದಿ ಬಣ್ಣ. ಕಾಂಡದ ಒಳಗೆ ಇಡುವುದರಿಂದ ಹೊರಗಣ್ಣಿಗೆ ಕಾಣುವುದಿಲ್ಲ.

ಮರಿಹುಳು: ಬಿಳಿ ಅಥವಾ ಕೆನೆ ಬಣ್ಣದ, ಕೊಬ್ಬಿದ, ತುಸು ಬಾಗಿದ ದೇಹ. ತಲೆ ಕಂದು ಬಣ್ಣದ್ದು. ಕಾಲುಗಳೇ ಇರುವುದಿಲ್ಲ. ಇದು ಅತ್ಯಂತ ಮುಖ್ಯವಾದ ಗುರುತು. ಪತಂಗದ ಮರಿಹುಳುವಿಗೆ ಎದೆಯ ಭಾಗದಲ್ಲಿ ಮೂರು ಜೊತೆ ಕಾಲುಗಳಿರುತ್ತವೆ. ನೊಣದ ಮರಿಗೆ ಕಾಲೂ ಇಲ್ಲ, ಎದ್ದುಕಾಣುವ ತಲೆಯೂ ಇಲ್ಲ. ತಲೆಯಿದ್ದು ಕಾಲಿಲ್ಲದಿದ್ದರೆ ಅದು ಮೂತಿಹುಳುವಿನ ಮರಿಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು.

ಕೋಶ: ಸುರಂಗದೊಳಗೆ ಹಿಕ್ಕೆ ಮತ್ತು ನಾರಿನ ಚೂರುಗಳನ್ನು ಒತ್ತಿ ಕಟ್ಟಿದ ಗಟ್ಟಿಯಾದ ಗೂಡಿನಲ್ಲಿ ಇರುತ್ತದೆ. ಮೊದಲು ಬಿಳಿಚಾಗಿದ್ದು ಬರುಬರುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ.

ಪ್ರೌಢ ಕೀಟ: ಸುಮಾರು ಒಂದು ಸೆಂಟಿಮೀಟರ್ ಉದ್ದದ, ನೀಳವಾದ, ಬೂದು ಬಣ್ಣದ ದುಂಬಿ. ಕಪ್ಪು ಮೈಯ ಮೇಲೆ ಬೂದಿ ಚಿಮುಕಿಸಿದಂತೆ ನವಿರಾದ ರೋಮಗಳು ಹರಡಿರುತ್ತವೆ. ಸೊಂಡಿಲು ಮುಂದಕ್ಕೆ ಚಾಚಿದ್ದು, ಅದರ ಎರಡೂ ಬದಿಯಲ್ಲಿ ಮೊಣಕೈಯಂತೆ ಮಡಿದ ಕುಡಿಮೀಸೆಗಳಿವೆ. ಗಿಡವನ್ನು ಅಲುಗಿಸಿದ ಕೂಡಲೇ ಕಾಲುಗಳನ್ನು ಮುದುಡಿಕೊಂಡು ಸತ್ತಂತೆ ನೆಲಕ್ಕೆ ಬೀಳುವುದು ಇದರ ಸ್ವಭಾವ. ಮಣ್ಣಿನ ಮೇಲೆ ಬಿದ್ದ ಬೂದುಬಣ್ಣದ ಕೀಟವನ್ನು ಹುಡುಕುವುದು ಕಷ್ಟ.

ಜೀವನಚಕ್ರ

ಹೆಣ್ಣು ದುಂಬಿಯು ತನ್ನ ಸೊಂಡಿಲಿನಿಂದ ಎಳೆಯ ಕಾಂಡದಲ್ಲಿ ಅಥವಾ ಎಲೆಯ ಕಂಕುಳಿನ ಬಳಿ ಸಣ್ಣ ಗುಳಿಯನ್ನು ಕೊರೆದು, ಅದರಲ್ಲಿ ಸಾಮಾನ್ಯವಾಗಿ ಒಂದೊಂದೇ ಮೊಟ್ಟೆ ಇಟ್ಟು ಬಾಯಿಯನ್ನು ಮುಚ್ಚುತ್ತದೆ. ಮೊಟ್ಟೆ ಸುಮಾರು ಒಂದು ವಾರದೊಳಗೆ ಒಡೆಯುತ್ತದೆ. ಹೊರಬಂದ ಮರಿಹುಳು ಹೊರಗೆ ತಲೆ ಹಾಕದೆ ನೇರವಾಗಿ ತಿರುಳಿನೊಳಕ್ಕೆ ಇಳಿಯುತ್ತದೆ. ಎರಡರಿಂದ ಮೂರು ವಾರ ಕಾಂಡದೊಳಗೆ ಅಂಕುಡೊಂಕಾದ ಸುರಂಗ ಮಾಡುತ್ತ, ಹಿಂದೆ ಹಿಕ್ಕೆಯನ್ನು ತುಂಬುತ್ತ ಬೆಳೆಯುತ್ತದೆ. ಆಮೇಲೆ ಅಲ್ಲಿಯೇ ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗುತ್ತದೆ. ಒಂದು–ಒಂದೂವರೆ ವಾರದ ಬಳಿಕ ಪ್ರೌಢ ದುಂಬಿಯು ಕಾಂಡದ ಸಿಪ್ಪೆಯಲ್ಲಿ ದುಂಡಗಿನ ರಂಧ್ರ ಮಾಡಿಕೊಂಡು ಹೊರಬರುತ್ತದೆ.

ಹೀಗೆ ಒಂದು ತಲೆಮಾರು ಮುಗಿಯಲು ಹವಾಮಾನಕ್ಕೆ ಅನುಗುಣವಾಗಿ ಸರಿಸುಮಾರು ನಾಲ್ಕರಿಂದ ಆರು ವಾರ ಬೇಕು. ಬೆಚ್ಚಗಿನ ದಿನಗಳಲ್ಲಿ ಬೇಗ, ಚಳಿಯ ದಿನಗಳಲ್ಲಿ ನಿಧಾನ. ಮೊಟ್ಟೆ, ಮರಿ, ಕೋಶ ಈ ಮೂರು ಅವಸ್ಥೆಗಳೂ ಕಾಂಡದ ಒಳಗೇ ಕಳೆಯುತ್ತವೆ. ಹೊರಗೆ ಓಡಾಡುವುದು ಪ್ರೌಢ ಕೀಟ ಮಾತ್ರ. ನಿರ್ವಹಣೆಯ ಎಲ್ಲ ಕ್ರಮಗಳಿಗೂ ಈ ಒಂದು ಸಂಗತಿಯೇ ಆಧಾರ.

ಹಾನಿಯ ಬಗೆ

ಪ್ರೌಢ ದುಂಬಿಗಳು ಎಳೆಯ ಎಲೆಗಳಲ್ಲಿ ದುಂಡಗಿನ ತೂತುಗಳನ್ನು ಮಾಡಿ ತಿನ್ನುತ್ತವೆ. ಸೊಪ್ಪಿನ ಅಂದ ಕೆಡುತ್ತದೆಯೇ ಹೊರತು ಗಿಡ ಸಾಯುವುದಿಲ್ಲ.

ಮರಿಹುಳುಗಳಿಂದಾಗುವ ಹಾನಿ ಹಂತಹಂತವಾಗಿ ಪ್ರಕಟವಾಗುತ್ತದೆ. ಮೊದಲ ಹಂತದಲ್ಲಿ ಗಿಡ ಆರೋಗ್ಯವಾಗಿಯೇ ಕಾಣುತ್ತದೆ. ಮುಂದೆ ಹುಳುವಿರುವ ಜಾಗದಲ್ಲಿ ಕಾಂಡ ಗಂಟುಗಂಟಾಗಿ ಉಬ್ಬುತ್ತದೆ. ಬೆಳವಣಿಗೆ ಕುಂಠಿತವಾಗಿ ಎಲೆಗಳು ಕಿರಿದಾಗುತ್ತವೆ. ಆಮೇಲೆ ಕಾಂಡ ಉದ್ದುದ್ದಕ್ಕೆ ಸೀಳಿಕೊಳ್ಳುತ್ತದೆ. ಸೀಳಿನ ಮೂಲಕ ನೀರು ಮತ್ತು ಶಿಲೀಂಧ್ರಗಳು ಒಳಸೇರಿ ಕೊಳೆಯುವಿಕೆ ಆರಂಭವಾಗಬಹುದು. ಕೊನೆಗೆ ಗಿಡ ಬಾಡುತ್ತದೆ, ಇಲ್ಲವೇ ಗಾಳಿಮಳೆಗೆ ಟೊಳ್ಳಾದ ಜಾಗದಲ್ಲಿ ಮುರಿಯುತ್ತದೆ. ಒಂದೇ ಕಾಂಡದಲ್ಲಿ ಹಲವು ಹುಳುಗಳಿರುವುದು ಸಾಮಾನ್ಯ.

ನಷ್ಟದ ಪ್ರಮಾಣವನ್ನು ಬೆಳೆಯ ಅವಧಿಯು ನಿರ್ಧರಿಸುತ್ತದೆ. 25–30 ದಿನಕ್ಕೆ ಕೀಳುವ ಎಳೆಯ ಸೊಪ್ಪಿನಲ್ಲಿ ಹುಳುವಿಗೆ ಬೆಳೆದು ದುಂಬಿಯಾಗಲು ಕಾಲಾವಕಾಶವೇ ಸಿಗದು. ಗಿಡವು ಬೇರುಸಹಿತ ಹೊರಹೋಗುವುದರಿಂದ ಮೊಟ್ಟೆಗಳೂ ಎಳೆಮರಿಗಳೂ ಅದರೊಂದಿಗೆ ಹೊಲ ಬಿಡುತ್ತವೆ. ಕೋಲುದಂಟಿನಲ್ಲಿ ಮಾರಾಟವಾಗಬೇಕಾದ ಭಾಗವೇ ಕಾಂಡವಾದ್ದರಿಂದ ಒಂದು ಸುರಂಗವಿದ್ದರೂ ಅದು ವ್ಯರ್ಥ. ಹಲವು ಬಾರಿ ಕೊಯ್ಯುವ ಬೆಳೆಯಲ್ಲಿ ಕೊಯ್ಲಿನ ಅನಂತರವೂ ಉಳಿಯುವ ಬುಡದಲ್ಲಿ ಹುಳು ನೆಮ್ಮದಿಯಾಗಿ ಬೆಳೆಯುತ್ತದೆ. ಕಾಳುದಂಟಿನಲ್ಲಿ ತೂಕದ ತೆನೆ ಹೊತ್ತ ಗಿಡ ಕಾಳು ಕಟ್ಟುವ ಹೊತ್ತಿಗೆ ಮುರಿದರೆ ಅಷ್ಟು ದಿನಗಳ ಶ್ರಮವೂ ನೆಲಪಾಲು.

ಹೊಲದಲ್ಲಿ ಗುರುತಿಸುವ ವಿಧಾನ

ಬಿತ್ತಿದ ಮೂರನೆಯ ವಾರದಿಂದ ವಾರಕ್ಕೊಮ್ಮೆ ಹೊಲವನ್ನು ಪರೀಕ್ಷಿಸುವುದು ಒಳ್ಳೆಯದು. ಬೆಳಗಿನ ತಂಪಿನಲ್ಲಿ ದುಂಬಿಗಳು ಚುರುಕಾಗಿರುವುದಿಲ್ಲವಾದ್ದರಿಂದ ಆಗ ನೋಡುವುದು ಸುಲಭ. ಹೊಲದ ಐದು ಕಡೆ ನಾಲ್ಕು ನಾಲ್ಕು ಗಿಡಗಳಂತೆ ಇಪ್ಪತ್ತು ಗಿಡಗಳನ್ನು ಆರಿಸಿಕೊಂಡು ಈ ಕೆಳಗಿನವುಗಳನ್ನು ಗಮನಿಸಬೇಕು.

1. ಸುಳಿಯ ಬಳಿಯ ಎಲೆಗಳಲ್ಲಿ ದುಂಡು ತೂತುಗಳಿವೆಯೇ?
2. ಕಾಂಡದ ಮೇಲೆ ಅಥವಾ ಎಲೆಯ ಕಂಕುಳಿನಲ್ಲಿ ಕಪ್ಪಾದ ಚಿಕ್ಕ ಗಾಯದ ಕಲೆಗಳಿವೆಯೇ?
3. ಕಾಂಡ ಎಲ್ಲಿಯಾದರೂ ಉಬ್ಬಿದೆಯೇ, ಉದ್ದಕ್ಕೆ ಸೀಳಿದೆಯೇ?
4. ಕಾಂಡದಲ್ಲಿ ದುಂಡಗಿನ ರಂಧ್ರವಿದೆಯೇ? ಇದ್ದರೆ ದುಂಬಿ ಆಗಲೇ ಹೊರಹೋಗಿದೆ ಎಂದರ್ಥ.
5. ಸಂಶಯವಿರುವ ಒಂದೆರಡು ಗಿಡಗಳನ್ನು ಕಿತ್ತು ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದಾಗ ಹಿಕ್ಕೆ ತುಂಬಿದ ಸುರಂಗ ಮತ್ತು ಕಾಲಿಲ್ಲದ ಬಿಳಿಯ ಹುಳು ಕಾಣುತ್ತದೆಯೇ?

ಐದನೆಯ ಪರೀಕ್ಷೆಯೇ ನಿರ್ಣಾಯಕ. ಬಾಡಿದ ಗಿಡಗಳೆಲ್ಲ ಮೂತಿಹುಳುವಿನಿಂದ ಬಾಡಿದವಲ್ಲ. ಬೇರುಕೊಳೆಯಿಂದ ಬಾಡಿದ ಗಿಡದಲ್ಲಿ ಬೇರು ಕಂದಾಗಿ ಮೆತ್ತಗಾಗಿರುತ್ತದೆ, ಕಾಂಡದಲ್ಲಿ ಸುರಂಗವಿರುವುದಿಲ್ಲ. ಎಲೆಗಳನ್ನು ನೂಲಿನಂತಹ ಬಲೆಯಿಂದ ಸುತ್ತಿ ಒಳಗೆ ಹಸಿರು ಹುಳುವಿದ್ದರೆ ಅದು ಪತಂಗದ ಮರಿಯಾದ ಎಲೆಸುತ್ತುವ ಹುಳು. ಎಲೆಯ ಕೆಳಮೈಯಲ್ಲಿ ಬಿಳಿಯ ಬೊಬ್ಬೆಗಳಿದ್ದರೆ ಅದು ಬಿಳಿ ತುಕ್ಕು ಎಂಬ ರೋಗ. ಇವುಗಳಿಗೆ ಬೇರೆ ಬೇರೆ ಉಪಾಯಗಳಿವೆ.

ಇತರ ಕಾಂಡಕೊರಕಗಳು

ಕಾಂಡ ಕೊರೆಯುವ ಹುಳು ಎಂಬ ಒಂದೇ ಮಾತಿನಿಂದ ರೈತರು ಹಲವು ಕೀಟಗಳನ್ನು ಸೂಚಿಸುತ್ತಾರೆ. ಒಂದಕ್ಕೆ ಹೇಳಿದ ಉಪಾಯ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ವ್ಯತ್ಯಾಸಗಳನ್ನು ತಿಳಿದಿರಬೇಕು.

ರಾಗಿಯ ಗುಲಾಬಿ ಕಾಂಡಕೊರಕ: ಇದು ದುಂಬಿಯಲ್ಲ, ಪತಂಗದ ಮರಿ. ಮೈ ನಸುಗೆಂಪು, ಕಾಲುಗಳಿವೆ. ಇದು ತಿಂದ ರಾಗಿಯ ಸುಳಿ ಒಣಗಿ, ಎಳೆದರೆ ಸಲೀಸಾಗಿ ಕಿತ್ತುಬರುತ್ತದೆ.

ಹುರುಳಿಕಾಯಿಯ ಕಾಂಡನೊಣ: ಚಿಕ್ಕ ಕಪ್ಪು ನೊಣದ ಮರಿ. ಎಳೆಯ ಸಸಿಯ ಬುಡದಲ್ಲಿ ಸಿಪ್ಪೆಯ ಕೆಳಗೆ ಕೊರೆಯುತ್ತದೆ. ಬುಡ ಉಬ್ಬಿ ಸಸಿ ಸಾಯುತ್ತದೆ.

ಹಿಪ್ಪುನೇರಳೆ ಮತ್ತು ದ್ರಾಕ್ಷಿಯ ಕಾಂಡ ಸುತ್ತುಕೊರಕ: ಉದ್ದ ಮೀಸೆಯ ದುಂಬಿ. ರಾತ್ರಿಯ ಹೊತ್ತು ರೆಂಬೆಯ ಸುತ್ತಲೂ ಬಳೆಯಂತೆ ಸಿಪ್ಪೆ ಕಡಿಯುತ್ತದೆ. ಅಲ್ಲಿಂದ ಮೇಲಿನ ಭಾಗ ಒಣಗುತ್ತದೆ. ರೇಷ್ಮೆ ಮತ್ತು ದ್ರಾಕ್ಷಿ ಎರಡನ್ನೂ ಬೆಳೆಯುವ ಬೆಂಗಳೂರು ಗ್ರಾಮಾಂತರ, ಕೋಲಾರ ಭಾಗದ ರೈತರಿಗೆ ಇದು ಪರಿಚಿತ.

ಸೋಯಾ ಅವರೆಯ ಸುತ್ತುಕೊರಕ ದುಂಬಿ: ಬೀದರ್, ಬೆಳಗಾವಿ, ಧಾರವಾಡ ಮುಂತಾದ ಸೋಯಾ ಬೆಳೆಯುವ ಜಿಲ್ಲೆಗಳ ಪೀಡೆ. ಹೆಣ್ಣು ದುಂಬಿ ಕಾಂಡ ಅಥವಾ ಎಲೆತೊಟ್ಟಿನ ಸುತ್ತ ಎರಡು ಬಳೆಗಳನ್ನು ಕಡಿದು ಅವುಗಳ ನಡುವೆ ಮೊಟ್ಟೆಯಿಡುತ್ತದೆ. ಮರಿ ಕಾಂಡದೊಳಗೆ ಕೆಳಮುಖವಾಗಿ ಕೊರೆಯುತ್ತದೆ.

ಕಾಫಿಯ ಬಿಳಿ ಕಾಂಡಕೊರಕ: ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಅರೇಬಿಕಾ ಕಾಫಿ ತೋಟಗಳ ಬಹುದೊಡ್ಡ ಪೀಡೆ. ಇದೂ ದುಂಬಿಯೇ, ಆದರೆ ಬಹುವಾರ್ಷಿಕ ಗಿಡದ ಗಟ್ಟಿ ಕಾಂಡವನ್ನು ಕೊರೆಯುತ್ತದೆ.

ಜಡಿಗೇನಹಳ್ಳಿ ಪ್ರದೇಶದ ಹಿನ್ನೆಲೆ

ಜಡಿಗೇನಹಳ್ಳಿಯು ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು. ಕಸಬಾ, ಸೂಲಿಬೆಲೆ, ನಂದಗುಡಿ ಮತ್ತು ಅನುಗೊಂಡನಹಳ್ಳಿ ಉಳಿದವು. ಈ ಭಾಗವು ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಪೂರ್ವ ಒಣ ವಲಯಕ್ಕೆ ಸೇರುತ್ತದೆ. ಕೆಂಪು ಮಣ್ಣು, ಮುಂಗಾರಿನ ರಾಗಿ, ಅದರೊಂದಿಗೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇಲ್ಲಿಯ ಹಳೆಯ ಬೇಸಾಯ. ಕೊಳವೆಬಾವಿಯ ನೀರಿರುವ ಕಡೆ ಸೊಪ್ಪು ತರಕಾರಿ, ಹೂವು, ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುತ್ತಾರೆ.

ನಗರದ ಸಾಮೀಪ್ಯವು ಸೊಪ್ಪಿನ ಬೆಳೆಗೆ ಅನುಕೂಲವೂ ಹೌದು, ಕೀಟಕ್ಕೆ ಅನುಕೂಲವೂ ಹೌದು. ಸೊಪ್ಪಿಗೆ ದಿನವೂ ಗಿರಾಕಿ ಇರುವುದರಿಂದ ರೈತರು ಒಂದೇ ಜಮೀನಿನಲ್ಲಿ ಮಡಿ ಮಡಿಯಾಗಿ, ವಾರಕ್ಕೊಂದರಂತೆ ದಂಟನ್ನು ಬಿತ್ತುತ್ತ ಹೋಗುತ್ತಾರೆ. ಒಂದು ಮಡಿಯಲ್ಲಿ ಸಸಿ, ಪಕ್ಕದಲ್ಲಿ ಕೊಯ್ಲು, ಅದರಾಚೆ ಬೀಜಕ್ಕೆ ಬಿಟ್ಟ ಗಿಡ ಹೀಗೆ ಎಲ್ಲ ವಯಸ್ಸಿನ ದಂಟೂ ಒಟ್ಟಿಗೆ ಸಿಗುವುದರಿಂದ ಮೂತಿಹುಳುವಿನ ಸಂತತಿಗೆ ವರ್ಷವಿಡೀ ಬಿಡುವಿಲ್ಲದ ಊಟ. ಬೀಜಕ್ಕೆಂದು ಮೂಲೆಯಲ್ಲಿ ಬಿಟ್ಟ ಹತ್ತಾರು ದೊಡ್ಡ ಗಿಡಗಳೇ ಉಳಿದ ಮಡಿಗಳಿಗೆ ದುಂಬಿಗಳನ್ನು ಒದಗಿಸುವ ತವರಾಗಬಹುದು.

ನಿರ್ವಹಣೆ

ಬೇಸಾಯ ಕ್ರಮಗಳು

ಕೀಟದ ತಲೆಮಾರು ಮುಗಿಯುವ ಮೊದಲೇ ಬೆಳೆಯ ಸರದಿ ಮುಗಿಸುವುದು ಅತ್ಯಂತ ಸರಳವಾದ ಉಪಾಯ. ಹಾವಳಿ ಹೆಚ್ಚಿರುವ ಹೊಲದಲ್ಲಿ ಒಂದೆರಡು ಸರದಿ ಹಲವು ಕೊಯ್ಲಿನ ತಳಿಯನ್ನು ಬಿಟ್ಟು, ಬೇರುಸಹಿತ ಕೀಳುವ ಎಳೆಸೊಪ್ಪನ್ನು ಬೆಳೆಯಬಹುದು.

ದಂಟಿನ ಮೇಲೆ ದಂಟನ್ನೇ ಬಿತ್ತದೆ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ ಅಥವಾ ಹುರುಳಿಕಾಯಿಯಂತಹ ಬೇರೆ ಕುಟುಂಬದ ಬೆಳೆಯಿಂದ ಬೆಳೆ ಬದಲಾವಣೆ ಮಾಡಬೇಕು. ಹೊಸ ಮಡಿಯನ್ನು ಹಳೆಯ ದಂಟಿನ ಮಡಿಯ ಪಕ್ಕದಲ್ಲಿ ಹಾಕದೆ ದೂರದಲ್ಲಿ ಹಾಕುವುದು ಲೇಸು. ಬೀಜದ ಗಿಡಗಳನ್ನು ಸೊಪ್ಪಿನ ಮಡಿಗಳಿಂದ ಪ್ರತ್ಯೇಕವಾಗಿ ಬೆಳೆಸಬೇಕು.

ಬದುಗಳ ಮೇಲಿನ ಮುಳ್ಳುದಂಟು ಮತ್ತು ಕಾಡುದಂಟನ್ನು ಹೂಬಿಡುವ ಮೊದಲೇ ಕಿತ್ತು ತೆಗೆಯಬೇಕು. ಒಬ್ಬ ರೈತ ಕಿತ್ತು ನೆರೆಯವನು ಬಿಟ್ಟರೆ ಪ್ರಯೋಜನ ಕಡಿಮೆ. ದುಂಬಿಗೆ ಬದುವಿನ ಹಂಗಿಲ್ಲ.

ಯಾಂತ್ರಿಕ ಕ್ರಮಗಳು

ಕಾಂಡ ಉಬ್ಬಿದ ಅಥವಾ ಸೀಳಿದ ಗಿಡಗಳನ್ನು ಕಂಡ ಕೂಡಲೇ ಬುಡಸಹಿತ ಕಿತ್ತು ನಾಶಪಡಿಸಬೇಕು. ಕಿತ್ತ ಗಿಡವನ್ನು ಬದುವಿನ ಮೇಲೆ ಎಸೆಯುವುದು ಕೀಟವನ್ನು ಸಾಕಿದಂತೆಯೇ ಸರಿ. ಏಕೆಂದರೆ ಕೋಶಾವಸ್ಥೆಯಲ್ಲಿರುವ ಕೀಟಕ್ಕೆ ಆಹಾರ ಬೇಕಿಲ್ಲ. ಒಣಗಿದ ಕಾಂಡದಿಂದಲೂ ದುಂಬಿ ಹೊರಬರಬಲ್ಲದು. ಕಾಂಡಗಳನ್ನು ಸಣ್ಣದಾಗಿ ಕತ್ತರಿಸಿ ಜಜ್ಜಿ ಆಳವಾದ ಗುಂಡಿಯಲ್ಲಿ ಹೂಳಬಹುದು, ಚೆನ್ನಾಗಿ ಕಾವು ಬರುವ ಗೊಬ್ಬರದ ಗುಂಡಿಯ ನಡುವೆ ಸೇರಿಸಬಹುದು, ಅನಿವಾರ್ಯವಾದರೆ ಸುಡಬಹುದು. ಯಾವ ವಿಷವನ್ನೂ ಸಿಂಪಡಿಸದ ಹಸಿ ಗಿಡಗಳಾದರೆ ಮಿತಿಯಾಗಿ ದನಗಳ ಮೇವಿಗೂ ಆಗುತ್ತದೆ.

ಕೊನೆಯ ಕೊಯ್ಲಿನ ಅನಂತರ ಬುಡಗಳನ್ನು ಹೊಲದಲ್ಲಿ ವಾರಗಟ್ಟಲೆ ಬಿಡದೆ ಕಿತ್ತು ತೆಗೆಯುವುದು ಮುಖ್ಯ. ಮುಂದಿನ ಸರದಿಯ ಹಾವಳಿಯನ್ನು ತಗ್ಗಿಸಲು ಹಣ ಖರ್ಚಿಲ್ಲದ ಉಪಾಯ ಇದು.

ದುಂಬಿಗಳು ಅಲುಗಿದರೆ ಉದುರುವ ಸ್ವಭಾವವನ್ನೇ ಬಳಸಿಕೊಳ್ಳಬಹುದು. ಬೆಳಗಿನ ಹೊತ್ತು ಗಿಡದ ಬುಡಕ್ಕೆ ಅಗಲವಾದ ಮೊರವನ್ನೋ ಬಿಳಿ ಬಟ್ಟೆಯನ್ನೋ ಹಿಡಿದು ಗಿಡವನ್ನು ಮೃದುವಾಗಿ ತಟ್ಟಿದರೆ ದುಂಬಿಗಳು ಅದರೊಳಗೆ ಬೀಳುತ್ತವೆ. ಅವನ್ನು ಸೋಪಿನ ನೀರಿಗೆ ಹಾಕಬೇಕು. ಹಿತ್ತಿಲ ತೋಟ, ಶಾಲಾ ಕೈತೋಟ ಮತ್ತು ಚಿಕ್ಕ ಮಡಿಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ.

ಸಸ್ಯಜನ್ಯ ಮತ್ತು ಜೈವಿಕ ಕ್ರಮಗಳು

ಶೇಕಡಾ 5ರ ಬೇವಿನ ಬೀಜದ ಕಷಾಯವು ದುಂಬಿಗಳು ಎಲೆ ತಿನ್ನುವುದನ್ನೂ ಮೊಟ್ಟೆಯಿಡುವುದನ್ನೂ ತಗ್ಗಿಸಲು ನೆರವಾಗುತ್ತದೆ. ತಯಾರಿಸುವ ವಿಧಾನ ಹೀಗೆ: 500 ಗ್ರಾಂ ಒಣಗಿದ ಬೇವಿನ ಬೀಜದ ತಿರುಳನ್ನು ಕುಟ್ಟಿ ಪುಡಿ ಮಾಡಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ತೆಳ್ಳನೆಯ ಬಟ್ಟೆಯಲ್ಲಿ ಹಿಂಡಿ ಸೋಸಿ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ, ಒಟ್ಟು 10 ಲೀಟರ್ ಆಗುವಂತೆ ನೀರು ಸೇರಿಸಬೇಕು. ತಯಾರಿಸಿದ ದಿನವೇ, ಸಂಜೆಯ ಹೊತ್ತಿನಲ್ಲಿ ಸಿಂಪಡಿಸುವುದು ಸೂಕ್ತ. ಬಿಸಿಲಿಗೆ ಇದರ ಸತ್ವ ಬೇಗ ಕುಗ್ಗುತ್ತದೆ. ಬಿತ್ತಿದ ಮೂರನೆಯ ವಾರದಲ್ಲಿ, ದುಂಬಿಗಳು ಮೊಟ್ಟೆಯಿಡಲು ಬರುವ ಹೊತ್ತಿಗೆ ಸಿಂಪಡಿಸಿದರೆ ಉಪಯೋಗ. ಕಾಂಡ ಉಬ್ಬಿದ ಮೇಲೆ ಸಿಂಪಡಿಸಿದರೆ ಒಳಗಿನ ಹುಳುವಿಗೆ ಅದು ತಾಗದು.

ನಿಸರ್ಗದಲ್ಲಿ ಈ ಕೀಟಕ್ಕೆ ಶತ್ರುಗಳಿಲ್ಲದಿಲ್ಲ. ಕಾಂಡದೊಳಗಿನ ಮರಿಹುಳುಗಳ ಮೇಲೆ ಮೊಟ್ಟೆಯಿಡುವ ಚಿಕ್ಕ ಪರತಂತ್ರ ಕಣಜಗಳಿವೆ. ಸಿಕ್ಕಸಿಕ್ಕಂತೆ ಕೀಟನಾಶಕ ಸಿಂಪಡಿಸಿದಾಗ ಮೊದಲು ಸಾಯುವುದು ಹೊರಗೆ ಹಾರಾಡುವ ಈ ಮಿತ್ರಕೀಟಗಳು; ಒಳಗೆ ಅಡಗಿರುವ ಶತ್ರು ಉಳಿದುಕೊಳ್ಳುತ್ತದೆ. ಬ್ಯುವೇರಿಯಾ ಬ್ಯಾಸಿಯಾನಾ ಮತ್ತು ಮೆಟರೈಜಿಯಂ ಎಂಬ ಶಿಲೀಂಧ್ರಗಳಿಂದ ತಯಾರಿಸಿದ ಜೈವಿಕ ಕೀಟನಾಶಕಗಳನ್ನು ದುಂಬಿಗಳ ವಿರುದ್ಧ ಪೂರಕ ಕ್ರಮವಾಗಿ ಬಳಸಬಹುದು. ಇವುಗಳಿಗೆ ತೇವಾಂಶ ಬೇಕಾದ್ದರಿಂದ ಮೋಡ ಕವಿದ ದಿನ ಅಥವಾ ಸಂಜೆ ಸಿಂಪಡಿಸಬೇಕು, ಶಿಲೀಂಧ್ರನಾಶಕದೊಂದಿಗೆ ಬೆರೆಸಬಾರದು.

ರಾಸಾಯನಿಕ ಕೀಟನಾಶಕಗಳು

ಕಾಂಡದೊಳಗಿನ ಹುಳುವನ್ನು ಕೊಲ್ಲಬೇಕಾದರೆ ವಿಷವು ಗಿಡದ ರಸದಲ್ಲಿ ಬೆರೆತು ಒಳಕ್ಕೆ ಹೋಗಬೇಕು. ಹಾಗೆ ಒಳಹೋಗುವ ಅಂತರ್ವ್ಯಾಪಿ ಕೀಟನಾಶಕವು ಎಲೆಯಲ್ಲಿಯೂ ದಂಟಿನಲ್ಲಿಯೂ ಇದ್ದೇ ಇರುತ್ತದೆ. ನಾವು ತಿನ್ನುವುದೂ ಅದೇ ಎಲೆಯನ್ನು, ಅದೇ ದಂಟನ್ನು. ಬದನೆ, ಟೊಮೆಟೊಗಳಲ್ಲಿ ಕಾಂಡಕ್ಕೂ ತಿನ್ನುವ ಕಾಯಿಗೂ ಇರುವ ಅಂತರ ಸೊಪ್ಪಿನಲ್ಲಿ ಇಲ್ಲ. ಆದ್ದರಿಂದ ಸೊಪ್ಪಿಗಾಗಿ ಬೆಳೆದ ದಂಟಿನಲ್ಲಿ ಈ ಕೀಟಕ್ಕೆ ಅಂತರ್ವ್ಯಾಪಿ ಕೀಟನಾಶಕ ಬಳಸದಿರುವುದೇ ವಿವೇಕ.

ಸೊಪ್ಪನ್ನು ನೀರಿನಲ್ಲಿ ಹಲವು ಸಲ ತೊಳೆದರೆ ಮೇಲ್ಮೈಯಲ್ಲಿ ಅಂಟಿದ ಮಣ್ಣು ಮತ್ತು ಔಷಧಿಯ ಒಂದು ಭಾಗ ಹೋಗುತ್ತದೆ. ಗಿಡದ ರಸದಲ್ಲಿ ಸೇರಿದ ವಿಷ ತೊಳೆದರೆ ಹೋಗುವುದಿಲ್ಲ. ಉಪ್ಪುನೀರು, ಹುಣಸೆನೀರುಗಳಿಗೂ ಈ ಮಿತಿ ಇದೆ.

ಭಾರತದಲ್ಲಿ ಕೀಟನಾಶಕಗಳ ಮಾರಾಟ ಮತ್ತು ಬಳಕೆಯನ್ನು 1968ರ ಕೀಟನಾಶಕ ಅಧಿನಿಯಮವು ನಿಯಂತ್ರಿಸುತ್ತ ಬಂದಿದೆ. ಪ್ರತಿಯೊಂದು ಕೀಟನಾಶಕವನ್ನೂ ನಿರ್ದಿಷ್ಟ ಬೆಳೆ ಮತ್ತು ನಿರ್ದಿಷ್ಟ ಪೀಡೆಗೆ ನೋಂದಾಯಿಸಲಾಗಿರುತ್ತದೆ. ಆ ವಿವರ ಡಬ್ಬಿಯೊಂದಿಗೆ ಬರುವ ಚೀಟಿಯಲ್ಲಿ ಇರುತ್ತದೆ. ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಕಾಯಬೇಕಾದ ದಿನಗಳನ್ನೂ ಅಲ್ಲಿಯೇ ನಮೂದಿಸಿರುತ್ತಾರೆ. ಬೆಳೆಗಳ ಪಟ್ಟಿಯಲ್ಲಿ ದಂಟಿನ ಹೆಸರಿಲ್ಲದಿದ್ದರೆ ಆ ಔಷಧಿ ದಂಟಿಗೆ ಸಲ್ಲದು. ಹಲವು ಕೊಯ್ಲಿನ ದಂಟಿನಲ್ಲಿ ಎರಡು ಕೊಯ್ಲುಗಳ ನಡುವಿನ ಅಂತರ ಸುಮಾರು 10–12 ದಿನ ಮಾತ್ರ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಾಯುವ ಅವಧಿ ಅದಕ್ಕಿಂತ ಹೆಚ್ಚಿದ್ದರೆ ಅಂತಹ ಔಷಧಿಗೆ ಈ ಬೆಳೆಯಲ್ಲಿ ಜಾಗವೇ ಇಲ್ಲ.

ಹಳೆಯ ಕೈಪಿಡಿಗಳಲ್ಲಿ ಕಾಂಡಕೊರಕಗಳಿಗೆ ಸೂಚಿಸಿರುವ ಕೆಲವು ಔಷಧಿಗಳು ಇಂದು ಕಾನೂನಿನ ಹೊರಗಿವೆ. ಹಿಂದೆ ಹರಳಿನ ರೂಪದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಫೊರೇಟ್ ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗಳ ಮೇಲೆ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಯಿತು. ಹಳೆಯ ಪುಸ್ತಕವನ್ನೋ ನೆರೆಯವರ ಅನುಭವವನ್ನೋ ನಂಬಿ ಇವನ್ನು ಹುಡುಕಿಕೊಂಡು ಹೋಗಬಾರದು.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವು ವಿಷದ ತೀವ್ರತೆಯನ್ನು ಸೂಚಿಸುತ್ತದೆ: ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ. ಓದು ಬಾರದವರಿಗೂ ತಿಳಿಯಲೆಂದೇ ಮಾಡಿದ ಈ ಸಂಕೇತವನ್ನು ಶಾಲೆಯ ಮಕ್ಕಳೂ ಅರಿತಿರುವುದು ಒಳ್ಳೆಯದು.

ಸೊಪ್ಪಿಗಲ್ಲದೆ ಕಾಳು ಅಥವಾ ಬಿತ್ತನೆ ಬೀಜಕ್ಕಾಗಿ ಬೆಳೆದ ದಂಟಿನಲ್ಲಿ ಹಾವಳಿ ಮಿತಿಮೀರಿದರೆ ತಜ್ಞರ ಲಿಖಿತ ಸಲಹೆ ಪಡೆದು ಮುಂದುವರಿಯಬೇಕು. ಹಾಗೆ ಸಿಂಪಡಿಸಿದ ಹೊಲದ ಎಲೆಯನ್ನು ಮನೆಗಾಗಲಿ ಮಾರುಕಟ್ಟೆಗಾಗಲಿ ಸೊಪ್ಪಾಗಿ ಬಳಸಬಾರದು.

ಪ್ರಚಲಿತ ತಪ್ಪು ಕಲ್ಪನೆಗಳು

ಎಲೆಯಲ್ಲಿ ತೂತಿರುವ ಸೊಪ್ಪು ಕೆಟ್ಟದ್ದು ಎಂಬ ಭಾವನೆ ಗಿರಾಕಿಗಳಲ್ಲಿದೆ. ಒಂದೆರಡು ತೂತುಗಳಿಂದ ಸೊಪ್ಪಿನ ರುಚಿಯೂ ಪೌಷ್ಟಿಕತೆಯೂ ಕೆಡುವುದಿಲ್ಲ. ಒಂದೂ ಕಲೆಯಿಲ್ಲದ ಸೊಪ್ಪೇ ಬೇಕೆಂದು ಕೊಳ್ಳುವವರು ಹಟ ಹಿಡಿದಷ್ಟೂ ಬೆಳೆಯುವವರ ಮೇಲೆ ಸಿಂಪರಣೆಯ ಒತ್ತಡ ಹೆಚ್ಚುತ್ತದೆ.

ಸುರಂಗವಿರುವ ದಂಟು ವಿಷಕಾರಿ ಎಂಬ ನಂಬಿಕೆಯೂ ಇದೆ. ಈ ಹುಳು ಕಾಂಡದಲ್ಲಿ ಮನುಷ್ಯರಿಗೆ ಮಾರಕವಾದ ವಿಷವನ್ನೇನೂ ಬಿಡುವುದಿಲ್ಲ. ಆದರೆ ಹಿಕ್ಕೆ ತುಂಬಿ ಕೊಳೆತ ಭಾಗವನ್ನು ತಿನ್ನುವುದು ಸಲ್ಲದು. ಅದನ್ನು ಕತ್ತರಿಸಿ ತೆಗೆದು ಗಟ್ಟಿಯಾದ, ಶುದ್ಧವಾದ ಭಾಗವನ್ನು ಬಳಸಬಹುದು.

ಔಷಧಿ ಹೊಡೆದ ಮೇಲೂ ಗಿಡ ಬಾಡಿದರೆ ಔಷಧಿ ಕಲಬೆರಕೆ ಎಂದು ತೀರ್ಮಾನಿಸಿ ಪ್ರಮಾಣವನ್ನು ಇಮ್ಮಡಿಗೊಳಿಸುವುದುಂಟು. ಔಷಧಿ ಹುಳುವಿನವರೆಗೆ ತಲುಪಲಿಲ್ಲ ಎಂಬುದೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. ಪ್ರಮಾಣ ಹೆಚ್ಚಿಸಿದರೆ ಹೆಚ್ಚುವುದು ಸೊಪ್ಪಿನಲ್ಲಿ ಉಳಿಯುವ ವಿಷದ ಶೇಷ ಮತ್ತು ಖರ್ಚು ಮಾತ್ರ.

ಸಲಹೆ ದೊರೆಯುವ ಸಂಸ್ಥೆಗಳು

ಹೋಬಳಿ ಮಟ್ಟದಲ್ಲಿ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರ ಮತ್ತು ತಾಲ್ಲೂಕು ಮಟ್ಟದಲ್ಲಿ ತೋಟಗಾರಿಕೆ ಇಲಾಖೆಯ ಕಚೇರಿಗಳಲ್ಲಿ ಸಲಹೆ ಪಡೆಯಬಹುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಈ ಮೂರೂ ಹೊಸಕೋಟೆಯಿಂದ ಒಂದು ದಿನದಲ್ಲಿ ಹೋಗಿಬರಬಹುದಾದಷ್ಟು ಹತ್ತಿರದಲ್ಲಿವೆ. ಕೀಟದ ಗುರುತಿನ ಬಗ್ಗೆ ಸಂಶಯವಿದ್ದರೆ ಹುಳುವಿರುವ ಕಾಂಡದ ತುಂಡನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಬಿತ್ತಿದ ದಿನಾಂಕ, ತಳಿ ಮತ್ತು ಹಿಂದೆ ಸಿಂಪಡಿಸಿದ ಔಷಧಿಗಳ ವಿವರದೊಂದಿಗೆ ಕೊಂಡೊಯ್ದರೆ ಸರಿಯಾದ ಸಲಹೆ ಪಡೆಯುವುದು ಸುಲಭ.

ಇವನ್ನೂ ನೋಡಿ

ದಂಟು
ರಾಜಗಿರಿ
ಮೂತಿಹುಳು
ಸಮಗ್ರ ಪೀಡೆ ನಿರ್ವಹಣೆ
ಬೇವು
ಹೊಸಕೋಟೆ